ಬೇಸ್ ಗಿಟಾರಿನ ಗುಂಡಿಗಳು

ಯಂತ್ರವೊಂದು ಮನೆಗೆ ಬಂದಾಗ ಅದರೊಡನೆ ಕೆಲವು ಗುಂಡಿಗಳೂ ಬರುತ್ತವೆ. ರೇಡಿಯೋ ಕಾಲಿಟ್ಟ ದಿನದಿಂದಲೂ ನಮ್ಮ ಮನೆಗಳಲ್ಲಿ ಈ ಬಗ್ಗೆ ಒಂದು ಸಂಪ್ರದಾಯ ಬೆಳೆದುಬಂದಿದೆ. ಧ್ವನಿಯನ್ನು ಏರಿಸುವ ಗುಂಡಿಯನ್ನು ಮನೆಯ ಯಜಮಾನರು ತಿರುಗಿಸತಕ್ಕದ್ದು. ಉಳಿದವುಗಳನ್ನು ಯಾರೂ ಮುಟ್ಟಕೂಡದು. ಮುಟ್ಟಿದವನು ತುಂಟನೆನಿಸಿಕೊಳ್ಳುತ್ತಾನೆ. ಆ ಗುಂಡಿಗಳು ಏತಕ್ಕಾಗಿ ಇವೆಯೆಂದು ಕೇಳಿದವನಂತೂ ಇನ್ನೂ ದೊಡ್ಡ ತುಂಟ.

ನಮ್ಮ ಹಳೆಯ ವಾದ್ಯಗಳಿಗೆ ಈ ತೊಡಕಿಲ್ಲ. ವೀಣೆಗೆ ಬಿರಡೆಗಳುಂಟು, ಮೃದಂಗಕ್ಕೆ ಬಾರುಗಳುಂಟು, ಅವೆಲ್ಲ ಶ್ರುತಿಗಾಗಿ. ನಾದದ ಬಣ್ಣವನ್ನು ಬದಲಾಯಿಸುವ ಕೆಲಸ ನುಡಿಸುವವರ ಬೆರಳಿಗೆ ಸೇರಿದ್ದು. ಈಗಿನ ವಿದ್ಯುತ್ ವಾದ್ಯಗಳಲ್ಲಿ ಆ ಕೆಲಸದ ಅರ್ಧಭಾಗವನ್ನು ಗುಂಡಿಗಳು ವಹಿಸಿಕೊಂಡಿವೆ. ಅವುಗಳ ಅರ್ಥ ತಿಳಿಯದಿದ್ದರೆ ಬೆರಳು ಎಷ್ಟು ಪಳಗಿದ್ದರೂ ಪ್ರಯೋಜನವಿಲ್ಲ.

ಮಂಡ್ಯಕ್ಕೆ ಸಮೀಪದ ಹೊಳಲಿನಿಂದ ತಾಯಿಯೊಬ್ಬರು ಬರೆದ ಕಾಗದ ನಮ್ಮ ಮುಂದಿದೆ. ಅವರ ಮಗ ಒಂದು ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನಂತೆ. ಕಳೆದ ಬೇಸಗೆಯಲ್ಲಿ ಕಬ್ಬಿನ ಹಣ ಕೈಗೆ ಬಂದಾಗ, ತಂದೆಯವರು ಮನಸ್ಸಿಲ್ಲದ ಮನಸ್ಸಿನಿಂದ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಯಾರೋ ಬಳಸಿದ್ದ ವಾದ್ಯವೊಂದನ್ನು ಕೊಡಿಸಿದರು. ಗಣಪತಿ ಉತ್ಸವದ ರಾತ್ರಿ ಮೂರನೆಯ ಹಾಡಿಗೆ ಬರುವಷ್ಟರಲ್ಲಿ ವಾದ್ಯ ಕರಕರನೆ ಸದ್ದುಮಾಡತೊಡಗಿತು. ಐದನೆಯ ಹಾಡಿನ ವೇಳೆಗೆ ಮೂಕವಾಯಿತು. ಮುಂದಿನ ಕಾರ್ಯಕ್ರಮಕ್ಕೆ ಬೇರೊಬ್ಬನನ್ನು ಕರೆಯುವುದಾಗಿ ತಂಡದ ಮುಖ್ಯಸ್ಥರು ಹೇಳಿಬಿಟ್ಟಿದ್ದಾರೆ. ಬಂದಷ್ಟಕ್ಕೆ ಮಾರಿಬಿಡೋಣವೆಂದು ತಂದೆಯವರ ಹಟ. ಹುಡುಗ ಮೂರು ದಿನಗಳಿಂದ ಸರಿಯಾಗಿ ಊಟಮಾಡಿಲ್ಲ. ‘ವಾದ್ಯ ಕೆಟ್ಟಿದೆಯೋ, ಮಗನಿಗೇ ನುಡಿಸಲು ಬಾರದೋ, ನೀವಾದರೂ ಹೇಳಿ, ಅದಕ್ಕೆ ಐದು ಗುಂಡಿಗಳೂ ಒಂದು ಸಣ್ಣ ಸ್ವಿಚ್ಚೂ ಇವೆ’ ಎಂದು ಆ ತಾಯಿ ಕೇಳಿದ್ದಾರೆ. ಕೊನೆಯಲ್ಲಿ ಮಗನ ಅಶಿಸ್ತಿನ ಬಗ್ಗೆ ಒಂದು ದೂರನ್ನೂ ಸೇರಿಸಿದ್ದಾರೆ: ಅಭ್ಯಾಸ ಮುಗಿದ ಮೇಲೆ ವಾದ್ಯವನ್ನು ಮೂಲೆಗೆ ಒರಗಿಸಿ, ಸಿಕ್ಕಿಸಿದ ಕೇಬಲನ್ನೂ ಕೀಳದೆ ಹಾಗೆಯೇ ಮಲಗಿಬಿಡುತ್ತಾನಂತೆ.

ಅವರ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ದೂರಿನಲ್ಲಿಯೇ ಅಡಗಿದೆಯೆಂದು ನಮ್ಮ ಭಾವನೆ. ಅದನ್ನು ಒಪ್ಪಿಸಬೇಕಾದರೆ ಮೊದಲು ವಾದ್ಯದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು.

ವೀಣೆಯಲ್ಲಿ ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕು ತಂತಿಗಳಿರುವುದನ್ನು ವಾಚಕರು ಬಲ್ಲರು. ಸಾರಣಿಯನ್ನು ಬಿಟ್ಟು ಅನುಮಂದ್ರಕ್ಕಿಂತಲೂ ಕೆಳಗಿನ ಸ್ವರಗಳಿಗಾಗಿಯೇ ಒಂದು ವಾದ್ಯವನ್ನು ಕಟ್ಟಿದರೆ ಹೇಗಿರುತ್ತದೆಯೋ ಬೇಸ್ ಗಿಟಾರ್ ಹಾಗಿದೆ. ಅದಕ್ಕೂ ಸಾಮಾನ್ಯವಾಗಿ ನಾಲ್ಕೇ ತಂತಿಗಳು. ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಬಾರಿ ಕಂಪಿಸುತ್ತದೆ, ಅತ್ಯಂತ ತೆಳುವಾದದ್ದು ೯೮ ಬಾರಿ. ನಮ್ಮ ಹಬ್ಬಗಳಲ್ಲಿ ನಗಾರಿಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದಲ್ಲವೇ? ಬೇಸಿನ ಸ್ವರವೂ ಆ ಜಾತಿಯದೇ. ಶ್ರೋತೃಗಳು ಅದನ್ನು ಬೇರೆಯಾಗಿ ಗುರುತಿಸುವುದಿಲ್ಲ. ಅದು ನಿಂತಾಗ ಮಾತ್ರ ಹಾಡು ಕುಸಿದಂತೆ ಅವರಿಗೆ ತೋರುತ್ತದೆ. ೧೯೮೧ರ ‘ಗೀತಾ’, ೧೯೮೩ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಇಳಯರಾಜ ಅವರು ಕಟ್ಟಿದ ಹಾಡುಗಳನ್ನು ಇಂದಿಗೂ ಕೇಳುವವರು, ಒಮ್ಮೆ ಗಾಯಕರನ್ನು ಮರೆತು ಕೆಳಸ್ವರವನ್ನಷ್ಟೇ ಹಿಂಬಾಲಿಸಿ ನೋಡಲಿ. ಅದು ತಾಳಕ್ಕೆ ಬರಿಯ ಆಸರೆಯಾಗಿ ನಿಲ್ಲದೆ ಎರಡನೆಯ ಗಾಯಕನಂತೆ ನಡೆಯುವುದನ್ನು ಕಾಣಬಹುದು.

ಈ ವಾದ್ಯಕ್ಕೆ ಬುರುಡೆಯಿಲ್ಲ. ಮರದ ಗಟ್ಟಿ ಹಲಗೆಯೇ ಅದರ ಒಡಲು. ಆದಕಾರಣ ಅದು ತಾನಾಗಿ ದೊಡ್ಡ ಸದ್ದನ್ನು ಮಾಡಲಾರದು. ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿದೆ: ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ಅದರ ಮೇಲೆ ನಡುಗಿದಾಗ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು; ಶಿವನಸಮುದ್ರದ ವಿದ್ಯುದಾಗಾರದಲ್ಲಿ ನಡೆಯುವುದೂ ಇದೇ, ಗಾತ್ರವೊಂದು ಬೇರೆ. ಪಿಕಪ್ಪಿನ ಈ ಕ್ಷೀಣ ವಿದ್ಯುತ್ತು ಕೇಬಲಿನ ಮೂಲಕ ಆಂಪ್ಲಿಫೈಯರಿಗೆ ಹೋಗಿ ಬಲಗೊಂಡು ಸ್ಪೀಕರಿನಿಂದ ನಾದವಾಗಿ ಹೊರಬರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ೧೯೫೧ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಎರಡೇ ಗುಂಡಿಗಳಿದ್ದವು. ಒಂದು ಧ್ವನಿಗೆ, ಇನ್ನೊಂದು ಟೋನಿಗೆ. ಈ ಬಗೆಯದಕ್ಕೆ ಪ್ಯಾಸಿವ್ ಎಂದು ಹೆಸರು. ಇದನ್ನು ನಾಲೆಯ ತೂಬಿಗೆ ಹೋಲಿಸಿದರೆ ಮಂಡ್ಯದ ಸೀಮೆಯವರಿಗೆ ಕೂಡಲೇ ಅರ್ಥವಾದೀತು. ತೂಬನ್ನು ಪೂರ್ತಿ ಎತ್ತಿದರೆ ನಾಲೆಯಲ್ಲಿ ಇದ್ದಷ್ಟು ನೀರು ಗದ್ದೆಗೆ ಹರಿಯುತ್ತದೆ, ಇಳಿಸಿದರೆ ಕಡಮೆಯಾಗುತ್ತದೆ. ಇದ್ದುದಕ್ಕಿಂತ ಹೆಚ್ಚು ನೀರನ್ನು ತೂಬು ಎಲ್ಲಿಂದ ತಂದೀತು? ಪ್ಯಾಸಿವ್ ಗುಂಡಿಯೂ ಅಷ್ಟೇ, ಕಳೆಯಬಲ್ಲುದು, ಕೂಡಿಸಲಾರದು. ಟೋನ್ ಗುಂಡಿಯನ್ನು ಇಳಿಸಿದಾಗ ಬೇಸ್ ಹೆಚ್ಚಿದಂತೆ ಕೇಳುತ್ತದೆ. ವಾಸ್ತವವಾಗಿ ಮೇಲಿನ ಸ್ವರಾಂಶಗಳು ಒಂದು ಸಣ್ಣ ಕಂಡೆನ್ಸರಿನ ದಾರಿಯಾಗಿ ಸೋರಿಹೋಗಿರುತ್ತವೆ, ಕೆಳಗಿನವು ಇದ್ದಷ್ಟೇ ಉಳಿದಿರುತ್ತವೆ.

ಪ್ಯಾಸಿವ್ ವಾದ್ಯಕ್ಕೆ ಇನ್ನೊಂದು ಕೊರತೆಯುಂಟು. ಪಿಕಪ್ಪಿನ ವಿದ್ಯುತ್ತು ಬಹಳ ಕೋಮಲ. ಉದ್ದವಾದ ಕೇಬಲಿನಲ್ಲಿ ಸಾಗುವಾಗ ದಾರಿಯುದ್ದಕ್ಕೂ ತನ್ನ ಮೇಲಿನ ಅಂಶಗಳನ್ನು ಕಳೆದುಕೊಳ್ಳುತ್ತದೆ. ಐದು ಅಡಿ ಕೇಬಲಿನಲ್ಲಿ ಸ್ಪಷ್ಟವಾಗಿದ್ದ ನಾದ ಐವತ್ತು ಅಡಿ ಕೇಬಲಿನಲ್ಲಿ ಮಂಕಾಗುತ್ತದೆ.

ಆಕ್ಟಿವ್ ವಾದ್ಯದಲ್ಲಾದರೋ ತೂಬಿನ ಬದಿಗೆ ಒಂದು ಪಂಪ್‌ಸೆಟ್ಟನ್ನೂ ಕೂಡಿಸಿದ್ದಾರೆ. ವಾದ್ಯದ ಹೊಟ್ಟೆಯೊಳಗೇ ಪ್ರೀ-ಆಂಪ್ ಎಂಬ ಸಣ್ಣ ವರ್ಧಕವಿದೆ. ಅದನ್ನು ನಡೆಸಲು ಒಂಬತ್ತು ವೋಲ್ಟಿನ ಚೌಕನೆಯ ಬ್ಯಾಟರಿ. ವಿದ್ಯುತ್ತು ಹೊರಡುವಾಗಲೇ ಪುಷ್ಟವಾಗಿರುವುದರಿಂದ ಕೇಬಲಿನ ಉದ್ದಕ್ಕೆ ಹೆದರುವುದಿಲ್ಲ. ಗುಂಡಿಗಳು ಕಳೆಯುವುದರ ಜೊತೆಗೆ ಕೂಡಿಸಲೂ ಬಲ್ಲವು. ೧೯೭೦ರ ದಶಕದ ಆರಂಭದಲ್ಲಿ ಅಲೆಂಬಿಕ್ ಎಂಬ ಸಂಸ್ಥೆ ಇಂತಹ ವಾದ್ಯಗಳನ್ನು ಮಾಡತೊಡಗಿತು. ಫೆಂಡರ್ ಅವರೇ ಮುಂದೆ ಸೇರಿದ ಮ್ಯೂಸಿಕ್ ಮ್ಯಾನ್ ಸಂಸ್ಥೆಯ ‘ಸ್ಟಿಂಗ್‌ರೇ’ ೧೯೭೬ರಲ್ಲಿ ಬಂದು ಈ ಪದ್ಧತಿಯನ್ನು ಎಲ್ಲೆಡೆ ಹರಡಿತು. ಇಂದು ಸಾಧಾರಣ ಬೆಲೆಯ ವಾದ್ಯಗಳಲ್ಲಿಯೂ ಈ ಏರ್ಪಾಡು ಇರುತ್ತದೆ.

ಇನ್ನು ಐದು ಗುಂಡಿಗಳ ವಿಚಾರ. ಹೊಳಲಿನ ವಾದ್ಯವನ್ನು ನಾವು ಕಂಡಿಲ್ಲ. ಆದರೂ ಐದು ಗುಂಡಿಗಳಿರುವಲ್ಲಿ ಅವು ಸಾಮಾನ್ಯವಾಗಿ ಧ್ವನಿ, ಬ್ಯಾಲೆನ್ಸ್, ಬೇಸ್, ಮಿಡ್, ಟ್ರೆಬಲ್ ಆಗಿರುತ್ತವೆ. ಇವುಗಳಲ್ಲಿ ಧ್ವನಿಯದು ಮಾತ್ರ ಹಳೆಯ ಬಗೆಯದು: ಎಡತುದಿಗೆ ಸೊನ್ನೆ, ಬಲತುದಿಗೆ ಪೂರ್ಣ. ಉಳಿದ ನಾಲ್ಕರಲ್ಲಿ ಸೊನ್ನೆಯ ಸ್ಥಾನ ನಡುವೆ ಇರುತ್ತದೆ. ನಿಧಾನವಾಗಿ ತಿರುಗಿಸಿದರೆ ನಡುವಿನಲ್ಲಿ ಟಕ್ಕೆಂದು ಸಣ್ಣದೊಂದು ತಡೆ ಬೆರಳಿಗೆ ತಿಳಿಯುತ್ತದೆ. ಅಲ್ಲಿ ಕೂಡಿಕೆಯೂ ಇಲ್ಲ, ಕಳೆಯುವಿಕೆಯೂ ಇಲ್ಲ. ಈ ಒಂದು ಸಂಗತಿ ತಿಳಿಯದೆ ಎಷ್ಟು ಜನ ಹುಡುಗರು ಎಲ್ಲ ಗುಂಡಿಗಳನ್ನೂ ಬಲತುದಿಗೆ ತಿರುಗಿಸಿ, ಇದೇ ವಾದ್ಯದ ‘ಪೂರ್ಣ’ ಸ್ಥಿತಿಯೆಂದು ಭಾವಿಸುತ್ತಾರೋ ಲೆಕ್ಕವಿಲ್ಲ. ಪ್ಯಾಸಿವ್ ವಾದ್ಯದಲ್ಲಿ ಆ ನಂಬಿಕೆ ಸರಿ. ಆಕ್ಟಿವ್ ವಾದ್ಯದಲ್ಲಿ ಅದು ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಡಬ್ಬಿ ಡಬ್ಬಿಯಾಗಿ ಸುರಿದಂತೆ.

ಬ್ಯಾಲೆನ್ಸ್ ಗುಂಡಿ ಎರಡು ಪಿಕಪ್ಪುಗಳ ನಡುವಣ ತಕ್ಕಡಿ. ಕುತ್ತಿಗೆಯ ಕಡೆಗಿರುವ ಪಿಕಪ್ಪಿನಿಂದ ದುಂಡಗಿನ, ತುಂಬು ನಾದ ಬರುತ್ತದೆ. ಕುದುರೆಯ ಬಳಿಯದರಿಂದ ಬಿಗಿಯಾದ, ಮೊನಚಾದ ನಾದ. ವೀಣೆಯನ್ನು ಕುದುರೆಯ ಸಮೀಪದಲ್ಲಿ ಮೀಟಿದಾಗಲೂ ಇದೇ ವ್ಯತ್ಯಾಸವಾಗುವುದನ್ನು ನುಡಿಸುವವರು ಬಲ್ಲರು. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಕಿವಿಗೆ ಹಿತವಾದೆಡೆ ನಿಲ್ಲಿಸಿದರಾಯಿತು. ಟ್ರೆಬಲ್ ಗುಂಡಿ ಬೆರಳು ತಂತಿಗೆ ತಾಗುವ ಚಟಚಟ ಸದ್ದನ್ನು ಏರಿಸುತ್ತದೆ, ಇಳಿಸುತ್ತದೆ; ಜೊತೆಗೆ ವೇದಿಕೆಯ ಗುಂಯ್ ಎಂಬ ಮೊರೆತವನ್ನೂ ಏರಿಸುವುದರಿಂದ ಅದರಲ್ಲಿ ಮಿತವಿರಬೇಕು.

ಅನರ್ಥಕ್ಕೆ ಮೂಲವಾದ ಗುಂಡಿ ಬೇಸಿನದು. ಹೆಸರು ನೋಡಿ ಎಲ್ಲರೂ ಮೋಸಹೋಗುತ್ತಾರೆ. ‘ಬೇಸ್ ಕೇಳುತ್ತಿಲ್ಲ’ ಎಂದು ಯಾರಾದರೂ ಕೂಗಿದೊಡನೆ ಬೇಸ್ ನುಡಿಸುವವನು ಬೇಸ್ ಎಂಬ ಗುಂಡಿಯನ್ನು ಬಲಕ್ಕೆ ತಿರುಗಿಸುತ್ತಾನೆ. ಇದಕ್ಕಿಂತ ಸಹಜವಾದುದು ಯಾವುದು? ಆದರೆ ಲೆಕ್ಕವನ್ನು ನೋಡಿ. ಇಂತಹ ಗುಂಡಿಗಳು ಅನೇಕ ವಾದ್ಯಗಳಲ್ಲಿ ಸುಮಾರು ಹನ್ನೆರಡು ಡೆಸಿಬೆಲ್‌ಗಳಷ್ಟು ಕೂಡಿಸಬಲ್ಲವು. ಡೆಸಿಬೆಲ್ಲಿನ ಲೆಕ್ಕದಲ್ಲಿ ಪ್ರತಿ ಮೂರಕ್ಕೂ ಶಕ್ತಿ ಇಮ್ಮಡಿಯಾಗುತ್ತದೆ. ಮೂರಕ್ಕೆ ಎರಡರಷ್ಟು, ಆರಕ್ಕೆ ನಾಲ್ಕು, ಒಂಬತ್ತಕ್ಕೆ ಎಂಟು, ಹನ್ನೆರಡಕ್ಕೆ ಹದಿನಾರು. ಕೆಳಸ್ವರಗಳಿಗಾಗಿ ಇಪ್ಪತ್ತು ವ್ಯಾಟ್ ವ್ಯಯಿಸುತ್ತಿದ್ದ ಆಂಪ್ಲಿಫೈಯರು, ಗುಂಡಿ ಬಲತುದಿಗೆ ಹೋದೊಡನೆ ಮುನ್ನೂರ ಇಪ್ಪತ್ತು ವ್ಯಾಟ್ ಕೊಡಬೇಕು. ನೂರು ವ್ಯಾಟಿನ ಪೆಟ್ಟಿಗೆ ಎಲ್ಲಿಂದ ತಂದೀತು? ಅದು ಗೊಗ್ಗರು ದನಿಯಲ್ಲಿ ಅರಚುತ್ತದೆ. ಸ್ಪೀಕರಿನ ಕಾಗದ ಹರಿದರೂ ಹರಿಯಿತು. ವಾದ್ಯದ ಒಳಗಣ ವರ್ಧಕಕ್ಕೂ ಇದೇ ಗತಿ. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಯಂತ್ರ ಒಂಬತ್ತು ವೋಲ್ಟಿಗಿಂತ ಎತ್ತರದ ಅಲೆಯನ್ನು ಕಟ್ಟಲಾರದು. ಅಲೆ ಅದಕ್ಕಿಂತ ದೊಡ್ಡದಾದರೆ ಅದರ ನೆತ್ತಿ ಕತ್ತರಿಸಿಹೋಗುತ್ತದೆ. ಕಿವಿಗೆ ಕರಕರವೆಂದು ಕೇಳುವುದು ಈ ನೆತ್ತಿ ಕಡಿದ ಅಲೆಯೇ.

ಇಷ್ಟೆಲ್ಲ ಮಾಡಿಯೂ ಬೇಸ್ ಚೆನ್ನಾಗಿ ಕೇಳಿಸುವುದೇ ಎಂದರೆ ಅದೂ ಇಲ್ಲ. ಸೆಕೆಂಡಿಗೆ ೪೧ ಕಂಪನಗಳ ಅಲೆಯ ಉದ್ದ ಗಾಳಿಯಲ್ಲಿ ಸುಮಾರು ಎಂಟು ಮೀಟರ್. ಬಯಲಿನ ಪೆಂಡಾಲಿನಲ್ಲಿ ಅದು ಹರಡಿಹೋಗುತ್ತದೆ. ಕಾಂಕ್ರೀಟಿನ ಕಲ್ಯಾಣಮಂಟಪದಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಒಂದೆಡೆ ಗುಡುಗುತ್ತದೆ, ನಾಲ್ಕು ಹೆಜ್ಜೆ ಆಚೆ ಮಾಯವಾಗುತ್ತದೆ. ಸಾಧಾರಣ ಸ್ಪೀಕರುಗಳು ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊರಡಿಸುವುದೂ ಇಲ್ಲ. ಹಾಗಿದ್ದರೂ ನಮಗೆ ಬೇಸ್ ಹೇಗೆ ಕೇಳುತ್ತದೆ? ತಂತಿ ೪೧ರ ಜೊತೆಗೆ ೮೨, ೧೨೩, ೧೬೪ ಎಂಬ ಅದರ ಮಡಿಗಳನ್ನೂ ಹೊರಡಿಸುತ್ತಿರುತ್ತದೆ. ಈ ಮಡಿಗಳನ್ನು ಕೇಳಿದ ಮಿದುಳು ಕೆಳಗಿನ ಮೂಲಸ್ವರವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಅಂಗೈಯಗಲದ ಮೊಬೈಲ್ ಫೋನಿನಲ್ಲಿಯೂ ಹಾಡಿನ ಬೇಸನ್ನು ನಾವು ಗುರುತಿಸುವುದು ಈ ಉಪಕಾರದಿಂದಲೇ.

ಆದ್ದರಿಂದ ಬೇಸ್ ಕೇಳುತ್ತಿಲ್ಲವೆಂದಾಗ ತಿರುಗಿಸಬೇಕಾದುದು ಮಿಡ್ ಗುಂಡಿ. ನಡುವಿನ ಟಕ್ಕಿನಿಂದ ಬಲಕ್ಕೆ ಸ್ವಲ್ಪ, ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಸರಿಯುವಷ್ಟು ಸಾಕು. ಕಲ್ಯಾಣಮಂಟಪದಲ್ಲಾದರೆ ಬೇಸ್ ಗುಂಡಿಯನ್ನು ಅಷ್ಟೇ ಎಡಕ್ಕೆ ಸರಿಸುವುದೂ ಒಳ್ಳೆಯದು. ಬೇಸನ್ನು ಇಳಿಸಿದಾಗ ಬೇಸ್ ಸ್ಪಷ್ಟವಾಗುತ್ತದೆಯೆಂದರೆ ಒಗಟಿನಂತೆ ತೋರೀತು. ಮೇಲಿನ ಲೆಕ್ಕವನ್ನು ಓದಿದವರಿಗೆ ಒಗಟಲ್ಲ. ಮೃದಂಗದ ಎಡಮುಖಕ್ಕೆ ರವೆಯ ಮೆತ್ತೆಯನ್ನು ಹದವರಿತು ಹಚ್ಚುವ ವಿದ್ವಾಂಸರು, ಅದು ಅತಿಯಾದರೆ ನಾದ ಮುಚ್ಚಿಹೋಗುವುದೆಂದು ಎಂದೋ ಬಲ್ಲರು.

ಕಡೆಯದಾಗಿ ಬ್ಯಾಟರಿ. ಇದಕ್ಕೆ ಹೊರಗೆ ಕಾಣುವಂತಹ ಸ್ವಿಚ್ಚಿಲ್ಲ. ಹಾಗಾದರೆ ಅದು ಹೊತ್ತಿಕೊಳ್ಳುವುದೂ ಆರುವುದೂ ಹೇಗೆ? ಕೇಬಲನ್ನು ಸಿಕ್ಕಿಸುವ ತೂತಿನೊಳಗೆ ಎರಡರ ಬದಲು ಮೂರು ಲೋಹದ ನಾಲಗೆಗಳಿವೆ. ಕೇಬಲಿನ ತುದಿ ಒಳಹೊಕ್ಕಾಗ ಅವುಗಳಲ್ಲಿ ಎರಡು ಒಂದಾಗಿ ಬ್ಯಾಟರಿಯ ಸುತ್ತು ಪೂರ್ಣವಾಗುತ್ತದೆ. ಕೇಬಲ್ ಒಳಗಿದ್ದಷ್ಟು ಕಾಲವೂ, ನುಡಿಸಲಿ ಬಿಡಲಿ, ಆಂಪ್ಲಿಫೈಯರು ಆರಿರಲಿ, ಬ್ಯಾಟರಿ ಉರಿಯುತ್ತಲೇ ಇರುತ್ತದೆ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು ಐನೂರು ಮಿಲಿಆಂಪಿಯರ್-ಗಂಟೆಗಳ ಸತ್ತ್ವವಿರುತ್ತದೆ. ವರ್ಧಕ ಒಂದು ಮಿಲಿಆಂಪಿಯರನ್ನು ಬಳಸುವುದೆಂದು ಇಟ್ಟುಕೊಂಡರೆ ಐನೂರು ಗಂಟೆ ಬರುತ್ತದೆ. ದಿನಕ್ಕೆ ಎರಡು ಗಂಟೆ ಅಭ್ಯಾಸಮಾಡಿ ಕೇಬಲನ್ನು ಕಿತ್ತಿಡುವವನಿಗೆ ಅದು ಇನ್ನೂರ ಐವತ್ತು ದಿನಗಳ ಬಾಳು. ಕೀಳದೆ ಮಲಗುವವನಿಗೆ ಇಪ್ಪತ್ತೊಂದು ದಿನಕ್ಕೇ ಮುಗಿಯಿತು.

ಬ್ಯಾಟರಿ ಸಾಯುವಾಗ ಬಲ್ಬಿನಂತೆ ಒಮ್ಮೆಗೇ ಆರುವುದಿಲ್ಲ. ಮೊದಲು ಜೋರಾಗಿ ಮೀಟಿದ ಸ್ವರಗಳು ಮಾತ್ರ ಕರಕರ ಎನ್ನುತ್ತವೆ. ಬಳಿಕ ಎಲ್ಲ ಸ್ವರಗಳೂ ಕೆಡುತ್ತವೆ. ಆಮೇಲೆ ಧ್ವನಿ ಕ್ಷೀಣಿಸಿ ಮೌನವಾಗುತ್ತದೆ. ಮೂರನೆಯ ಹಾಡಿಗೂ ಐದನೆಯ ಹಾಡಿಗೂ ನಡುವೆ ಹೊಳಲಿನಲ್ಲಿ ನಡೆದದ್ದು ಇದಕ್ಕೆ ತದ್ವತ್ತಾಗಿ ಹೊಂದುತ್ತದೆ. ಮಗನಿಗೆ ನುಡಿಸಲು ಬಾರದೆಂಬುದಕ್ಕೆ ಕಾಗದದಲ್ಲಿ ಯಾವ ಆಧಾರವೂ ಇಲ್ಲ.

ಮಾರುವ ಮುನ್ನ ಆ ಮನೆಯವರು ಹೀಗೆ ಮಾಡಲಿ. ವಾದ್ಯದ ಬೆನ್ನಿನಲ್ಲಿ ಸಣ್ಣ ಮುಚ್ಚಳವಿರುತ್ತದೆ. ಕೆಲವದಕ್ಕೆ ತಿರುಪುಮೊಳೆ, ಕೆಲವದಕ್ಕೆ ಉಗುರಿನಿಂದ ತೆಗೆಯುವ ಚಿಲಕ. ಹಳೆಯ ಬ್ಯಾಟರಿಯನ್ನು ತೆಗೆದು ಹೊಸ ಆಲ್ಕಲೈನ್ ಬ್ಯಾಟರಿಯನ್ನು ಹಾಕಲಿ. ಅಗ್ಗದ ಮಾಮೂಲು ಬ್ಯಾಟರಿ ಬೇಡ, ಅದರ ಸತ್ತ್ವವೂ ಕಡಮೆ, ಸೋರಿ ಒಳಗಿನ ತಾಮ್ರವನ್ನು ಹಸಿರು ಹಿಡಿಸುವ ಭಯವೂ ಇದೆ. ಹಳೆಯದನ್ನು ನಾಲಗೆಗೆ ತಾಗಿಸಿ ಪರೀಕ್ಷಿಸುವ ಹುಡುಗರಿದ್ದಾರೆ. ಊರಿನ ಯಾವ ಎಲೆಕ್ಟ್ರಿಷಿಯನ್ನರ ಬಳಿಯಲ್ಲಾದರೂ ಮೀಟರು ಇರುವಾಗ ಈ ಸಾಹಸವೇಕೋ ತಿಳಿಯದು. ಮೀಟರಿನಲ್ಲಿ ಹೊಸ ಬ್ಯಾಟರಿ ಒಂಬತ್ತಕ್ಕಿಂತ ತುಸು ಹೆಚ್ಚು ತೋರಿಸಬೇಕು. ಎಂಟಕ್ಕಿಂತ ಕೆಳಗಿಳಿದದ್ದನ್ನು ಕಾರ್ಯಕ್ರಮಕ್ಕೆ ಒಯ್ಯದಿರುವುದೇ ಲೇಸು.

ಬಳಿಕ ಧ್ವನಿಯ ಗುಂಡಿಯನ್ನು ಪೂರ್ತಿ ಏರಿಸಿ, ಉಳಿದ ನಾಲ್ಕನ್ನೂ ನಡುವಿನ ಟಕ್ಕಿಗೆ ತಂದು ನುಡಿಸಲಿ. ಆಂಪ್ಲಿಫೈಯರಿಗೆ ಎರಡು ತೂತುಗಳಿದ್ದು ಒಂದರ ಮೇಲೆ ‘ಆಕ್ಟಿವ್’ ಎಂದಿದ್ದರೆ ಅದಕ್ಕೇ ಸಿಕ್ಕಿಸಲಿ. ಪುಷ್ಟವಾದ ವಿದ್ಯುತ್ತನ್ನು ಸ್ವಲ್ಪ ತಗ್ಗಿಸಿಕೊಳ್ಳುವ ಏರ್ಪಾಡು ಅಲ್ಲಿದೆ. ಸಣ್ಣ ಸ್ವಿಚ್ಚು ಯಾವುದೆಂದು ತಿಳಿಯಲು ಅದನ್ನು ಒತ್ತರಿಸಿ ಬೇಸ್, ಟ್ರೆಬಲ್ ಗುಂಡಿಗಳನ್ನು ತಿರುಗಿಸಿ ನೋಡಬೇಕು. ಒಂದು ಕಡೆಗಿರುವಾಗ ಆ ಗುಂಡಿಗಳು ನಿರ್ಜೀವವಾದರೆ ಅದು ಆಕ್ಟಿವ್-ಪ್ಯಾಸಿವ್ ಸ್ವಿಚ್ಚು. ಇದ್ದರೆ ಅದೃಷ್ಟ, ವೇದಿಕೆಯಲ್ಲಿ ಬ್ಯಾಟರಿ ಕೈಕೊಟ್ಟರೂ ಪ್ಯಾಸಿವ್ ಕಡೆಗೆ ತಳ್ಳಿ ಹಾಡನ್ನು ಮುಗಿಸಬಹುದು, ಶ್ರೋತೃಗಳಿಗೆ ತಿಳಿಯುವುದೂ ಇಲ್ಲ. ಗುಂಡಿಗಳು ಎರಡು ಕಡೆಯೂ ಕೆಲಸಮಾಡುತ್ತಿದ್ದರೆ ಅದು ಮಿಡ್ಡಿನ ಎತ್ತರವನ್ನು ಬದಲಾಯಿಸುವ ಸ್ವಿಚ್ಚಾಗಿರಬೇಕು.

ಇನ್ನೊಂದು ಮಾತು, ಇದನ್ನು ತಂಡದ ಮುಖ್ಯಸ್ಥರೂ ಓದಲಿ. ಧ್ವನಿವರ್ಧಕಗಳನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಳಸಕೂಡದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಮೇಲಿನ ಸ್ವರಗಳನ್ನು ಮನೆಯ ಗೋಡೆ ತಡೆದೀತು, ಬೇಸನ್ನು ತಡೆಯದು. ಮಗುವನ್ನು ಮಲಗಿಸಿದ ತಾಯಿಗೂ ಹೃದ್ರೋಗವುಳ್ಳ ಮುದುಕರಿಗೂ ನಾಲ್ಕು ಬೀದಿ ಆಚೆಗೆ ಮುಟ್ಟುವುದು ಇದೊಂದೇ ಸ್ವರ. ‘ಬೇಸ್ ಇನ್ನೂ ಏರಿಸು’ ಎಂದು ಹುಡುಗನಿಗೆ ಕೂಗುವ ಮೊದಲು ವೇದಿಕೆಯಿಂದ ಇಳಿದು ಕೊನೆಯ ಸಾಲಿನವರೆಗೆ ನಡೆದುಹೋಗಿ ಕೇಳಿಬರುವುದು ಉಚಿತ.

ಹೊಸ ಬ್ಯಾಟರಿ ಹಾಕಿದ ಮೇಲೂ ವಾದ್ಯ ಮಾತಾಡದಿದ್ದರೆ ಮೊದಲು ಬೇರೊಂದು ಕೇಬಲ್ ತಂದು ನೋಡಬೇಕು. ಪ್ಯಾಸಿವ್ ಸ್ವಿಚ್ಚಿದ್ದು, ಆ ಕಡೆಗೆ ತಳ್ಳಿದಾಗ ಮಾತ್ರ ಸದ್ದು ಬರುವುದಾದರೆ ದೋಷ ವರ್ಧಕದಲ್ಲಿಯೋ ಬ್ಯಾಟರಿಯ ತಂತಿಯಲ್ಲಿಯೋ ಇದೆ. ಎರಡು ಕಡೆಯೂ ಬಾರದಿದ್ದರೆ ಕೇಬಲ್ ಸಿಕ್ಕಿಸುವ ಜ್ಯಾಕಿನಲ್ಲಿ ಬೆಸುಗೆ ಬಿಟ್ಟಿರುವ ಸಂಭವ ಹೆಚ್ಚು. ಮಂಡ್ಯದಲ್ಲಿ ರೇಡಿಯೋ, ಟೀವಿ ರಿಪೇರಿ ಬಲ್ಲ ಯಾರಾದರೂ ಅದನ್ನು ಬೆಸೆದುಕೊಡಬಲ್ಲರು. ಅವರ ಬಳಿಗೆ ಹೋದಾಗ ‘ಕೆಟ್ಟಿದೆ’ ಎಂದಷ್ಟೇ ಹೇಳದೆ, ಸ್ವಿಚ್ಚು ಯಾವ ಕಡೆಗಿದ್ದಾಗ ಏನಾಯಿತೆಂದು ಮಗನೇ ವಿವರವಾಗಿ ಹೇಳಲಿ. ಮುಚ್ಚಳದೊಳಗೆ ಸಣ್ಣ ಹಲಗೆಯ ಮೇಲೆ ತಿರುಪಿನಂತಹ ಒಂದು ಚಿಕ್ಕ ಬಿಂದು ಕಂಡೀತು. ಅದು ವರ್ಧಕದ ಒಟ್ಟು ಬಲವನ್ನು ನಿಗದಿಮಾಡುವುದು. ಯಾರು ಏನೇ ಹೇಳಿದರೂ ಅದನ್ನು ತಿರುಗಿಸುವುದು ಬೇಡ.